ಲಾಟ್ವಿಯ ದೇಶದ ಹೆಸರುಗಳು



ಮಗುವಿಗೆ ಹೆಸರಿಡುವುದು ಯಾವ ಜನಾಂಗದಲ್ಲಿಯೂ ಹಗುರವಾದ ಕಾರ್ಯವಲ್ಲ. ಹೆಸರನ್ನು ಇಡುವವರು ತಂದೆತಾಯಿಗಳಾದರೂ ಅದನ್ನು ಹಿಡಿದು ಕರೆಯತಕ್ಕವರು ಇತರರು. ಆದುದರಿಂದ ಹೆಸರೆಂಬುದು ಒಬ್ಬನ ಸ್ವತ್ತಾಗಿರುವಂತೆಯೇ ಊರಿನ ಸ್ವತ್ತೂ ಆಗಿರುತ್ತದೆ. ಆದರೆ ಊರೇ ಪರಾಧೀನವಾಗಿದ್ದು, ಹೆಸರನ್ನು ಕೂಗುವ ನಾಲಗೆ ಒಂದು ಭಾಷೆಯದಾಗಿ, ಅದನ್ನು ದಾಖಲೆಯ ಪುಸ್ತಕದಲ್ಲಿ ಬರೆಯುವ ಕೈ ಇನ್ನೊಂದು ಭಾಷೆಯದಾಗಿದ್ದರೆ ಆ ಹೆಸರಿನ ಗತಿ ಏನಾದೀತು? ಈ ಪ್ರಶ್ನೆಯನ್ನು ಏಳುನೂರು ವರ್ಷಗಳಷ್ಟು ಕಾಲ ಎದುರಿಸಿದ ಒಂದು ಸಣ್ಣ ಜನಾಂಗದ ಹೆಸರುಗಳ ವಿಚಾರವನ್ನು ನಾವು ಈ ಭಾಷಣದಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇವೆ.

ಯೂರೋಪು ಖಂಡದ ಈಶಾನ್ಯ ಭಾಗದಲ್ಲಿ, ಬಾಲ್ಟಿಕ್ ಸಮುದ್ರದ ಪೂರ್ವತೀರದಲ್ಲಿ ಲಾಟ್ವಿಯ ದೇಶವಿದೆ. ಉತ್ತರಕ್ಕೆ ಎಸ್ಟೋನಿಯ, ದಕ್ಷಿಣಕ್ಕೆ ಲಿಥುವೇನಿಯ. ಪೂರ್ವಕ್ಕೆ ರಷ್ಯದ ಎಲ್ಲೆ. ಇದರ ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೂ ಕಡಿಮೆ. ರಾಜಧಾನಿಯಾದ ರೀಗಾ ನಗರವನ್ನು 1201ರಲ್ಲಿ ಆಲ್ಬರ್ಟ್ ಎಂಬ ಜರ್ಮನ್ ಬಿಷಪ್ಪನು ಸ್ಥಾಪಿಸಿದನು. ಅಲ್ಲಿಂದ ಮೊದಲುಗೊಂಡು ಜರ್ಮನ್ ಯೋಧರು, ಪೋಲೆಂಡಿನವರು, ಸ್ವೀಡನ್ನಿನವರು, ರಷ್ಯದ ಚಕ್ರವರ್ತಿಗಳು ಒಬ್ಬರಾದ ಮೇಲೊಬ್ಬರು ಈ ನೆಲವನ್ನು ಆಳಿದರು. ಸ್ವತಂತ್ರ ರಾಜ್ಯವು ಘೋಷಿತವಾದುದು 1918ನೆಯ ನವೆಂಬರ್ 18ರಂದು. 1940ರಲ್ಲಿ ಸೋವಿಯತ್ ಒಕ್ಕೂಟವು ಅದನ್ನು ನುಂಗಿತು. 1991ರಲ್ಲಿ ಸ್ವಾತಂತ್ರ್ಯವು ಪುನಃ ಕೈಗೂಡಿತು. ಈ ಚರಿತ್ರೆಯೆಲ್ಲವೂ ಅಲ್ಲಿನವರ ಹೆಸರುಗಳಲ್ಲಿ ಪದರಪದರವಾಗಿ ಉಳಿದುಕೊಂಡಿದೆ.

ಮೊದಲು ಭಾಷೆಯ ಮಾತು. ಲಾಟ್ವಿಯರ ನುಡಿಯು ಇಂಡೋ-ಯೂರೋಪಿಯನ್ ವಂಶದ ಬಾಲ್ಟಿಕ್ ಶಾಖೆಗೆ ಸೇರಿದುದು. ಲಿಥುವೇನಿಯದ ಭಾಷೆ ಇದರ ಒಡಹುಟ್ಟು, ಸಂಸ್ಕೃತವು ದೂರದ ನಂಟು. ನಂಟು ದೂರದ್ದಾದರೂ ಮುಖದ ಹೋಲಿಕೆ ಅಳಿದಿಲ್ಲ. ನಾವು ‘ದೇವಃ’ ಎಂಬಲ್ಲಿ ಅವರು ‘ದಿಯೆವ್ಸ್’ ಎನ್ನುತ್ತಾರೆ. ನಮ್ಮ ‘ಸೂರ್ಯ’ನು ಅಲ್ಲಿ ‘ಸೌಲೆ’ ಎಂಬ ಹೆಣ್ಣು ದೇವತೆ. ‘ಕೊಡು’ ಎಂಬರ್ಥದ ‘ದಾ’ ಧಾತುವು ಅಲ್ಲಿ ‘ದೋತ್’ ಎಂದಾಗಿದೆ. ‘ವಾರ್ದ್ಸ್’ ಎಂಬುದೊಂದು ಪದವು ಆ ಭಾಷೆಯಲ್ಲಿ ‘ಮಾತು’ ಎಂಬ ಅರ್ಥವನ್ನೂ ‘ಹೆಸರು’ ಎಂಬ ಅರ್ಥವನ್ನೂ ಕೊಡುತ್ತದೆ. ಒಬ್ಬನ ಹೆಸರನ್ನು ಕೇಳುವವನು ಅವನ ‘ಮಾತ’ನ್ನೇ ಕೇಳಿದಂತೆ. ಹೆಸರನ್ನೂ ಮಾತನ್ನೂ ಒಂದೇ ಪದದಲ್ಲಿ ಅಡಗಿಸಿದ ಜನರು ಹೆಸರಿನ ವಿಷಯದಲ್ಲಿ ಹಟಮಾರಿಗಳಾಗಿರುವುದು ಆಶ್ಚರ್ಯವಲ್ಲ.

ಸಂಸ್ಕೃತದಲ್ಲಿ ರಾಮನು ‘ರಾಮಃ’ ಎಂದು ವಿಸರ್ಗದೊಡನೆ ನಿಲ್ಲುವನಷ್ಟೆ. ಆ ವಿಸರ್ಗದ ಮೂಲರೂಪವಾದ ಸಕಾರವು ಲಾಟ್ವಿಯದ ಗಂಡು ಹೆಸರುಗಳ ಕೊನೆಯಲ್ಲಿ ಇನ್ನೂ ಕೇಳಿಬರುತ್ತದೆ. ಯಾನಿಸ್, ಪೇತೆರಿಸ್, ಆಂದ್ರಿಸ್, ಕಾರ್ಲಿಸ್, ಇಮಂತ್ಸ್, ವಾಲ್ದಿಸ್ – ಎಲ್ಲವೂ ಸಕಾರಾಂತಗಳು, ಕೆಲವು ಶಕಾರಾಂತಗಳು. ಹೆಣ್ಣು ಹೆಸರುಗಳು ‘ಅ’ ಇಲ್ಲವೆ ‘ಎ’ ಎಂಬ ಸ್ವರದಲ್ಲಿ ಮುಗಿಯುತ್ತವೆ: ಅನ್ನ, ಲೈಮ, ಇಲ್ಗ, ಇನೆಸೆ. ಆ ಭಾಷೆಗೆ ಏಳು ವಿಭಕ್ತಿಗಳು. ಹೆಸರುಗಳೂ ವಿಭಕ್ತಿಗೆ ತಲೆಬಾಗಲೇಬೇಕು. ‘ಯಾನಿಸ್’ ಬಂದನು; ಮನೆ ‘ಯಾನ್ಯ’ನದು; ಕೊಟ್ಟದ್ದು ‘ಯಾನಿಮ್’ಗೆ; ಎದುರಿಗೆ ಕರೆಯುವಾಗ ‘ಯಾನಿ’ ಎಂದು ಸಂಬೋಧನೆ. ಸಕಾರವನ್ನು ಬಿಡದೆ ಕರೆದರೆ ಕಿವಿಗೆ ಒರಟಾಗಿ ಕೇಳುತ್ತದೆ. ಇಷ್ಟಲ್ಲದೆ ಮುದ್ದಿನ ಪ್ರತ್ಯಯಗಳೂ ಉಂಟು: ಯಾನಿಸನು ಮನೆಯಲ್ಲಿ ಯಾನೀತಿಸ್ ಆಗುತ್ತಾನೆ, ಅನ್ನಳು ಅನ್ನೀತೆ ಆಗುತ್ತಾಳೆ.

ವಿಭಕ್ತಿಯ ಈ ನಿಯಮವು ಪರದೇಶದ ಹೆಸರುಗಳನ್ನೂ ಬಿಡುವುದಿಲ್ಲ. ಲಾಟ್ವಿಯದ ಪುಸ್ತಕಗಳಲ್ಲಿ ಷೇಕ್ಸ್‌ಪಿಯರ್ ಮಹಾಕವಿಯು ‘ವಿಲ್ಯಾಮ್ಸ್ ಶೆಕ್ಸ್‌ಪೀರ್ಸ್’ ಆಗಿದ್ದಾನೆ. ಕೇಳಿದಂತೆ ಬರೆಯುವುದು, ಬರೆದುದಕ್ಕೆ ತಮ್ಮ ಪ್ರತ್ಯಯವನ್ನು ಸೇರಿಸುವುದು – ಇದು ಅವರ ಪದ್ಧತಿ. ಮೊದಲು ಕೇಳಿದವರಿಗೆ ಇದು ವಿನೋದವೆಂದು ತೋರಬಹುದು. ಆದರೆ ಪ್ರತ್ಯಯವಿಲ್ಲದ ಹೆಸರಿಗೆ ಆ ಭಾಷೆಯ ವಾಕ್ಯದಲ್ಲಿ ಕುಳಿತುಕೊಳ್ಳಲು ಸ್ಥಳವೇ ಇಲ್ಲ. ಕರ್ತೃವಾರು, ಕರ್ಮವಾರು ಎಂಬುದು ತಿಳಿಯುವಂತಿಲ್ಲ. ಈ ವ್ಯಾಕರಣದ ಸಂಗತಿಯು ಮುಂದೆ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿತು. ಅದನ್ನು ಕೊನೆಗೆ ಹೇಳುತ್ತೇವೆ.

ಜರ್ಮನರು ಬರುವುದಕ್ಕೆ ಮುಂಚೆ ಆ ನೆಲದಲ್ಲಿದ್ದ ಹೆಸರುಗಳು ಯಾವುವು? ಇದಕ್ಕೆ ಮುಖ್ಯವಾದ ಆಧಾರವು, ವಿಚಿತ್ರವೆಂದರೆ, ಗೆದ್ದವರ ಕಡೆಯದೇ. ಹೆನ್ರಿ ಎಂಬ ಪಾದ್ರಿಯೊಬ್ಬನು 13ನೆಯ ಶತಮಾನದ ಆರಂಭದಲ್ಲಿ ಆ ಯುದ್ಧಗಳ ವೃತ್ತಾಂತವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಅದರಲ್ಲಿ ತಾಲವ ಪ್ರಾಂತದ ನಾಯಕನಾದ ತಾಲಿವಾಲ್ದಿಸ್, ಯೆರ್ಸಿಕದ ದೊರೆಯಾದ ವಿಸ್ವಾಲ್ದಿಸ್, ಲಿವ್ ಜನರ ಮುಖಂಡನಾದ ಕೌಪೊ ಮೊದಲಾದವರ ಹೆಸರುಗಳು ಲ್ಯಾಟಿನ್ ವೇಷದಲ್ಲಿ ಬರುತ್ತವೆ. ‘ತಾಲ್ಸ್’ ಎಂದರೆ ದೂರ, ‘ವಾಲ್ದೀತ್’ ಎಂದರೆ ಆಳುವುದು. ಆದುದರಿಂದ ತಾಲಿವಾಲ್ದಿಸನು ದೂರದವರೆಗೆ ಆಳುವವನು. ವಿಸ್ವಾಲ್ದಿಸ್ ಎಂಬುದರ ಮೊದಲ ಭಾಗವಾದ ‘ವಿಸ್’ ಶಬ್ದವು ನಮ್ಮ ‘ವಿಶ್ವ’ದ ಬಂಧು, ಸರ್ವವನ್ನೂ ಆಳುವವನೆಂದು ಅದರರ್ಥ. ರಷ್ಯದ ರಾಜಕುಮಾರರಲ್ಲಿ ರೂಢಿಯಲ್ಲಿದ್ದ ವ್ಸೆವೊಲೊದ್ ಎಂಬ ಹೆಸರಿನ ಪ್ರತಿರೂಪವಿದು. ಸರ್ವವನ್ನೂ ಆಳುವ ಹೆಸರಿನ ಆ ದೊರೆಯ ಕೋಟೆಯನ್ನು 1209ರಲ್ಲಿ ಬಿಷಪ್ ಆಲ್ಬರ್ಟನು ಸುಟ್ಟು ವಶಪಡಿಸಿಕೊಂಡನೆಂಬುದು ಚರಿತ್ರೆಯ ಕ್ರೂರಹಾಸ್ಯ.

ಅದೇ ವೃತ್ತಾಂತದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟ ಒಂದು ಸಂಗತಿಯಿದೆ. 1198ರಲ್ಲಿ, ಜರ್ಮನ್ ಸೇನೆಯು ದೀಕ್ಷಾಸ್ನಾನವನ್ನು ಮಾಡಿಸಿ ಹಡಗನ್ನೇರಿ ಹೊರಟುಹೋದ ಕೂಡಲೆ, ಲಿವ್ ಜನರು ದೌಗವ ನದಿಗಿಳಿದು ಮೈತೊಳೆದುಕೊಂಡು, ತಮಗೆ ಹಾಕಿದ ದೀಕ್ಷೆಯ ನೀರನ್ನು ಆ ಹಡಗುಗಳ ಹಿಂದೆಯೇ ಹರಿಯಬಿಟ್ಟರಂತೆ. ಬಲವಂತದಿಂದ ಬಂದುದನ್ನು ನೀರಿನಿಂದಲೇ ಹಿಂದಿರುಗಿಸಬಹುದೆಂದು ಅವರ ಭಾವನೆ. ಆದರೆ ಸೇನೆಯು ಮರಳಿ ಬಂದಿತು, ರೀಗಾ ನಗರವೆದ್ದಿತು, ಇಗರ್ಜಿಗಳೆದ್ದವು. ಕಾಲಕ್ರಮದಲ್ಲಿ ಹಳೆಯ ಹೆಸರುಗಳು ಬಳಕೆ ತಪ್ಪಿದವು. ಅವುಗಳ ಸ್ಥಾನಕ್ಕೆ ಕ್ರೈಸ್ತ ಸಂತರ ಹೆಸರುಗಳು ಬಂದವು: ಯೊಹಾನ್, ಪೀಟರ್, ಜೇಕಬ್, ಮೈಕೇಲ್, ಮಾರ್ಟಿನ್.

ಆದರೆ ಬಂದ ಹೆಸರುಗಳು ಬಂದಂತೆಯೇ ಉಳಿಯಲಿಲ್ಲ. ರೈತರ ನಾಲಗೆಯ ಮೇಲೆ ಯೊಹಾನ್ ಎಂಬುದು ಯಾನಿಸ್ ಆಯಿತು, ಜೇಕಬನು ಯೇಕಬ್ಸ್ ಆದನು, ಮೈಕೇಲನು ಮಿಕೆಲಿಸ್ ಆದನು, ಜಾರ್ಜನು ಯೂರಿಸ್ ಆದನು. ಅಷ್ಟೇ ಅಲ್ಲ; ಈ ಸಂತರೆಲ್ಲರೂ ಬೇಸಾಯದ ಕೆಲಸಕ್ಕೆ ಇಳಿದರು. ಯೂರಿಸನ ಹೆಸರಿನ ಯೂರ್ಗಿ ಹಬ್ಬವು ಏಪ್ರಿಲ್ 23ರಂದು; ಕೂಲಿಯಾಳುಗಳೂ ಗೇಣಿದಾರರೂ ಹಳೆಯ ಯಜಮಾನನನ್ನು ಬಿಟ್ಟು ಹೊಸ ಮನೆಗೆ ಗಂಟುಮೂಟೆ ಸಾಗಿಸುವ ದಿನವದು. ಮಿಕೆಲಿಸನ ಹಬ್ಬವು ಸೆಪ್ಟೆಂಬರ್ 29ರಂದು, ಕೊಯ್ಲಿನ ಸುಗ್ಗಿ. ಮಾರ್ತಿನ್ಶನ ಹಬ್ಬವು ನವೆಂಬರ್ 10ರಂದು, ಚಳಿಗಾಲದ ಹೊಸ್ತಿಲು. ಲುಥೆರನ ಮತಸುಧಾರಣೆಯು 16ನೆಯ ಶತಮಾನದಲ್ಲಿ ಬಂದಾಗ ಸಂತರ ಪೂಜೆ ನಿಂತಿತು. ಸಂತರ ಹೆಸರಿನ ಬೇಸಾಯ ನಿಲ್ಲಲಿಲ್ಲ. ಪೂರ್ವದ ಲಾಟ್ಗಾಲೆ ಪ್ರಾಂತವು ಮಾತ್ರ 1772ರ ವರೆಗೆ ಪೋಲೆಂಡಿನ ಆಳ್ವಿಕೆಯಲ್ಲಿ ಕ್ಯಾಥೊಲಿಕವಾಗಿಯೇ ಉಳಿದುದರಿಂದ ಅಲ್ಲಿ ಸ್ತಾನಿಸ್ಲಾವ್ಸ್, ಅಂತೊನ್ಸ್, ತೆಕ್ಲ ಮೊದಲಾದ ಹೆಸರುಗಳು ಹೆಚ್ಚಾಗಿ ಕೇಳಿಬರುತ್ತವೆ. ಹೆಸರನ್ನು ಕೇಳಿಯೇ ಪ್ರಾಂತವನ್ನು ಊಹಿಸಬಹುದಾಗಿದ್ದ ಕಾಲವೊಂದಿತ್ತು.

ಮಗು ಹುಟ್ಟುತ್ತಿದ್ದುದು ಇಗರ್ಜಿಯ ನೆರಳಿನಲ್ಲಲ್ಲ. ಹಳ್ಳಿಯ ಮನೆಯಿಂದ ತುಸು ದೂರದಲ್ಲಿ ಮರದಿಂದ ಕಟ್ಟಿದ ಸ್ನಾನದ ಗುಡಿಸಲಿರುತ್ತಿತ್ತು; ಅದಕ್ಕೆ ‘ಪಿರ್ತ್ಸ್’ ಎಂದು ಹೆಸರು. ಕಾಯಿಸಿದ ಕಲ್ಲುಗಳ ಮೇಲೆ ನೀರೆರಚಿ ಆವಿ ಎಬ್ಬಿಸುವ ಆ ಬೆಚ್ಚನೆಯ ಕೋಣೆಯೇ ಹೆರಿಗೆಯ ಮನೆ. ಅಲ್ಲಿಗೆ ಅಧಿದೇವತೆ ಲೈಮ – ಅದೃಷ್ಟವನ್ನು ಬರೆಯುವ ದೇವಿ. ತಾಯಿಯೂ ಕೂಸೂ ಕ್ಷೇಮವಾದ ಬಳಿಕ ಲೈಮಳಿಗೆ ಕಾಣಿಕೆಯನ್ನು ಅರ್ಪಿಸುತ್ತಿದ್ದರು. ಅನಂತರ ‘ಕ್ರುಸ್ತಬಸ್’ ಎಂಬ ನಾಮಕರಣದ ಉತ್ಸವ. ಇದರಲ್ಲಿ ಮುಖ್ಯರಾದವರು ಹೆತ್ತವರಲ್ಲ, ‘ಕೂಮಸ್’ ಎಂದು ಕರೆಯಲ್ಪಡುವ ಧರ್ಮಪಿತೃ, ಧರ್ಮಮಾತೃಗಳು. ದೀಕ್ಷೆಯಾಗಿ ಮನೆಗೆ ಹಿಂದಿರುಗಿದ ಮೇಲೆ ಇವರು ಕೂಸನ್ನು ತೋಳಿನಲ್ಲಿ ಎತ್ತಿಕೊಂಡು ಹಾಡಿನ ತಾಳಕ್ಕೆ ಕುಣಿಸುವ ಸಂಪ್ರದಾಯವುಂಟು. ಅದಕ್ಕೆ ‘ದೀದೀಶನ’ ಎನ್ನುತ್ತಾರೆ. ಪಾದ್ರಿಯು ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು. ಹಳ್ಳಿಯವರು ಅದನ್ನು ಹೀಗೆ ಕುಣಿತದಿಂದಲೂ ಹಾಡಿನಿಂದಲೂ ತಮ್ಮದನ್ನಾಗಿ ಮಾಡಿಕೊಳ್ಳುತ್ತಿದ್ದರು. ಆ ಹಾಡುಗಳಿಗೆ ‘ದೈನ’ಗಳೆಂದು ಹೆಸರು. ಕ್ರಿಶ್ಯಾನಿಸ್ ಬರೋನ್ಸ್ ಎಂಬ ಮಹನೀಯರು ಇವನ್ನು ಒಟ್ಟುಗೂಡಿಸಿ, 1894ರಿಂದ 1915ರ ವರೆಗೆ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅವುಗಳ ಸಂಖ್ಯೆ 2,17,996. ಹುಟ್ಟು, ನಾಮಕರಣ, ಮದುವೆ, ಸಾವು – ಯಾವುದೂ ಆ ಹಾಡುಗಳಿಗೆ ಹೊರತಾಗಿಲ್ಲ.

ಇನ್ನು ಮನೆತನದ ಹೆಸರು. 19ನೆಯ ಶತಮಾನದ ಆರಂಭದ ವರೆಗೆ ಲಾಟ್ವಿಯದ ರೈತನು ಜರ್ಮನ್ ಜಹಗೀರುದಾರನ ಜೀತದಾಳು. ಅವನಿಗೆ ಮನೆತನದ ಹೆಸರಿರಲಿಲ್ಲ. ವಾಸವಾಗಿರುವ ಹೊಲಮನೆಯ ಹೆಸರೇ ಅವನ ಗುರುತು. ಗುಡ್ಡದ ಮನೆಯಲ್ಲಿದ್ದರೆ ‘ಕಲ್ನು ಯಾನಿಸ್’, ಎಂದರೆ ಗುಡ್ಡದ ಯಾನಿಸ್. ಬೇರೆ ಹೊಲಮನೆಗೆ ಹೋದರೆ ಹೆಸರೂ ಬೇರೆಯಾಗುತ್ತಿತ್ತು. ಕುರ್ಜೆಮೆ ಪ್ರಾಂತದಲ್ಲಿ 1817ರಲ್ಲಿಯೂ ವಿದ್ಜೆಮೆ ಪ್ರಾಂತದಲ್ಲಿ 1819ರಲ್ಲಿಯೂ ಜೀತವನ್ನು ರದ್ದುಮಾಡುವ ಶಾಸನಗಳು ಹೊರಟವು. ಬಿಡುಗಡೆಯಾದವನಿಗೆ ತೆರಿಗೆಯ ಪಟ್ಟಿಯಲ್ಲಿ ಒಂದು ಸ್ಥಿರವಾದ ಹೆಸರು ಬೇಕಷ್ಟೆ. ಆದುದರಿಂದ ವಿದ್ಜೆಮೆಯಲ್ಲಿ 1822ರಿಂದ 1826ರೊಳಗಾಗಿಯೂ ಕುರ್ಜೆಮೆಯಲ್ಲಿ 1835ರ ಸುಮಾರಿಗೂ ರೈತರಿಗೆಲ್ಲ ಮನೆತನದ ಹೆಸರುಗಳು ಬಂದವು. ಲಾಟ್ಗಾಲೆಯಲ್ಲಿ ಜೀತವು ಹೋದುದೇ 1861ರಲ್ಲಿ.

ಹಿರಿಯರ ವೀರಗಾಥೆಗಳನ್ನೂ ಪದವಿಗಳನ್ನೂ ಹೇಳಿಕೊಳ್ಳಲಾರದ ಆ ಜನರು ಏನೆಂದು ಹೆಸರಿಟ್ಟುಕೊಂಡರು? ಕಣ್ಣೆದುರಿಗಿದ್ದ ಮರ, ಹಕ್ಕಿ, ಗುಡ್ಡ, ಪೊದೆಗಳ ಹೆಸರುಗಳನ್ನೇ ಇಟ್ಟುಕೊಂಡರು. ಅದಕ್ಕೂ ಮುದ್ದಿನ ಪ್ರತ್ಯಯ ಬೇರೆ. ಕಲ್ನಿನ್ಶ್ ಎಂದರೆ ಪುಟ್ಟ ಗುಡ್ಡ. ಓಜೊಲಿನ್ಶ್ ಎಂದರೆ ಪುಟ್ಟ ಓಕ್ ಮರ. ಕ್ರೂಮಿನ್ಶ್ ಎಂದರೆ ಪುಟ್ಟ ಪೊದೆ. ಜಾರಿನ್ಶ್ ಎಂದರೆ ಪುಟ್ಟ ಕೊಂಬೆ. ಬಾಲೊದಿಸ್ ಪಾರಿವಾಳ, ವಾನಗ್ಸ್ ಗಿಡುಗ, ಜ್ವಿರ್ಬುಲಿಸ್ ಗುಬ್ಬಿ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಹೆಸರುಗಳಲ್ಲೊಂದು ಬೇರ್ಜಿನ್ಶ್. ‘ಬೇರ್ಜ್ಸ್’ ಎಂಬುದು ನಮ್ಮ ಭೂರ್ಜವೃಕ್ಷವೇ. ಶಬ್ದವೂ ಒಂದೇ ಮೂಲದ್ದು. ನಮ್ಮ ಪೂರ್ವಿಕರು ಯಾವ ಮರದ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದರೋ ಆ ಮರದ ಎಳೆಯ ಸಸಿಯನ್ನು ಅಲ್ಲಿನ ಸಾವಿರಾರು ಮನೆತನಗಳು ಹೆಸರಾಗಿ ಧರಿಸಿವೆ. ಗಂಡನು ಬೇರ್ಜಿನ್ಶ್ ಆದರೆ ಹೆಂಡತಿಯೂ ಮಗಳೂ ಬೇರ್ಜಿನ್ಯ. ಮನೆತನದ ಹೆಸರಿಗೂ ಲಿಂಗಭೇದವುಂಟು. ದೇಶದ ಹೆಸರುಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ತೋಪಿನೊಳಗೆ ನಡೆದಂತಾಗುತ್ತದೆ.

ಆದರೆ ಬರೆಯುವ ಲೇಖನಿಯು ಇನ್ನೂ ಜರ್ಮನರ ಕೈಯಲ್ಲಿತ್ತು. ಪುಸ್ತಕದಲ್ಲಿ ಕಲ್ನಿನ್ಶನು ‘ಕಲ್ನಿಂಗ್’ ಆದನು. ಲಾಟ್ವಿಯದ ನುಡಿಯನ್ನು ಜರ್ಮನ್ ಕ್ರಮದಲ್ಲಿ ಬರೆಯುತ್ತಿದ್ದುದರಿಂದ ‘ಚ’ ಎಂಬ ಒಂದು ಧ್ವನಿಗೆ ನಾಲ್ಕು ಅಕ್ಷರಗಳು ಬೇಕಾಗುತ್ತಿದ್ದವು. ಸ್ವತಂತ್ರ ಲಾಟ್ವಿಯದ ಮೊದಲನೆಯ ರಾಷ್ಟ್ರಾಧ್ಯಕ್ಷರಾದ ಯಾನಿಸ್ ಚಾಕ್ಸ್ತೆಯವರ ಹೆಸರು ಹಳೆಯ ಕಾಗದಗಳಲ್ಲಿ ಈ ನಾಲ್ಕಕ್ಷರದ ಹೊರೆಯನ್ನು ಹೊತ್ತು ನಿಂತಿದೆ. ಒಂದು ಧ್ವನಿಗೆ ಒಂದೇ ಅಕ್ಷರವೆಂಬ ಹೊಸ ಲಿಪಿಕ್ರಮವನ್ನು ವಿದ್ವಾಂಸರ ಮಂಡಲಿಯೊಂದು ರೂಪಿಸಿದ್ದು 1908ರಲ್ಲಿ. ಅದರಲ್ಲಿ ಕಾರ್ಲಿಸ್ ಮೀಲೆನ್‌ಬಹ್ಸ್, ಯಾನಿಸ್ ಎಂದ್ಜೆಲೀನ್ಸ್ ಎಂಬ ಭಾಷಾಶಾಸ್ತ್ರಜ್ಞರು ಪ್ರಮುಖರು.

ಅಕ್ಷರಕ್ಕಿಂತ ಮುಂಚೆ ಅಭಿಮಾನವು ಹುಟ್ಟಿತ್ತು. 19ನೆಯ ಶತಮಾನದ ಮಧ್ಯದಲ್ಲಿ, ಓದಿ ವಿದ್ಯಾವಂತನಾದ ಲಾಟ್ವಿಯನು ಜರ್ಮನನೆಂದೇ ಎಣಿಸಲ್ಪಡುತ್ತಿದ್ದನು. ತಾನೂ ಹಾಗೆಂದೇ ಹೇಳಿಕೊಳ್ಳುತ್ತಿದ್ದನು. ರೈತನೆಂದರೆ ಲಾಟ್ವಿಯ, ಪಂಡಿತನೆಂದರೆ ಜರ್ಮನ್ – ಇದು ಲೋಕರೂಢಿ. 1850ರ ದಶಕದಲ್ಲಿ ತಾರ್ತು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಕ್ರಿಶ್ಯಾನಿಸ್ ವಾಲ್ದೆಮಾರ್ಸ್ ಎಂಬ ತರುಣನು ತನ್ನ ಕೋಣೆಯ ಬಾಗಿಲಿಗೆ ಹೆಸರಿನ ಚೀಟಿಯನ್ನು ಅಂಟಿಸುವಾಗ, ಹೆಸರಿನ ಜೊತೆಗೆ ‘ಲಾಟ್ವಿಯನು’ ಎಂಬ ಒಂದು ಮಾತನ್ನು ತನ್ನ ಭಾಷೆಯಲ್ಲಿ ಸೇರಿಸಿದನು. ಅಂಗೈಯಗಲದ ಚೀಟಿ, ಆದರೆ ಅದನ್ನು ಓದಿದವರೆಲ್ಲ ಬೆರಗಾದರು. ಆ ದೇಶದ ರಾಷ್ಟ್ರೀಯ ಜಾಗೃತಿಯ ಕಥೆಯನ್ನು ಹೇಳುವವರು ಈ ಚೀಟಿಯನ್ನು ಮರೆಯುವುದಿಲ್ಲ.

ಜಾಗೃತಿಯೊಡನೆ ಹೊಸ ಹೆಸರುಗಳ ಸುಗ್ಗಿಯೂ ಬಂದಿತು. ಮೊದಲನೆಯದಾಗಿ, ಹೆನ್ರಿ ಪಾದ್ರಿಯ ಪುಸ್ತಕದಿಂದ ಹಳೆಯ ವೀರರನ್ನು ಎಬ್ಬಿಸಿ ತಂದರು. 1198ರ ಯುದ್ಧದಲ್ಲಿ ಬಿಷಪ್ ಬರ್ಟೋಲ್ಡನನ್ನು ಈಟಿಯಿಂದ ಕೊಂದ ಲಿವ್ ಯೋಧನ ಹೆಸರನ್ನು ಪಾದ್ರಿಯು ‘ಇಮೌತ್’ ಎಂಬಂತೆ ಬರೆದಿದ್ದನು. ಜೀತಪದ್ಧತಿಯನ್ನು ಖಂಡಿಸಿ 1796ರಲ್ಲಿಯೇ ಗ್ರಂಥ ಬರೆದಿದ್ದ ಗಾರ್ಲೀಬ್ ಮೆರ್ಕೆಲ್ ಎಂಬ ಜರ್ಮನ್ ಭಾಷೆಯ ಲೇಖಕರು 1802ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಆತನು ‘ಇಮಂತ’ ಎಂಬ ನಾಯಕನಾದನು. ಮುಂದೆ ಅದೇ ಇಮಂತ್ಸ್ ಎಂದು ಮನೆಮನೆಯ ಮಕ್ಕಳ ಹೆಸರಾಯಿತು. ಗೆದ್ದವರ ಗ್ರಂಥದಲ್ಲಿ ಕೊಲೆಗಾರನಾಗಿದ್ದವನು ಸೋತವರ ತೊಟ್ಟಿಲಿನಲ್ಲಿ ಮಲಗಿದನು. ತಾಲಿವಾಲ್ದಿಸ್, ವಿಸ್ವಾಲ್ದಿಸ್, ವಿಯೆಸ್ತುರ್ಸ್ ಎಂಬ ಹೆಸರುಗಳೂ ಹೀಗೆಯೇ ಮರಳಿ ಬಂದವು.

ಎರಡನೆಯದಾಗಿ, ಕಾವ್ಯವು ಹೆಸರುಗಳನ್ನು ಕೊಟ್ಟಿತು. ಅಂದ್ರೆಯ್ಸ್ ಪುಂಪುರ್ಸ್ ಎಂಬ ಕವಿಯ ‘ಲಾಚ್‌ಪ್ಲೇಸಿಸ್’ ಎಂಬ ವೀರಕಾವ್ಯವು 1888ರಲ್ಲಿ ಹೊರಬಂದಿತು. ಅದರ ನಾಯಿಕೆಯ ಹೆಸರು ಲೈಮ್‌ದೋತ. ಲೈಮ ದೇವಿಯು ಕೊಟ್ಟವಳು ಎಂದು ಅರ್ಥ. ನಮ್ಮಲ್ಲಿ ದೇವದತ್ತ, ಯಜ್ಞದತ್ತರಿದ್ದಾರಷ್ಟೆ. ಆ ‘ದತ್ತ’ಕ್ಕೂ ಈ ‘ದೋತ’ಕ್ಕೂ ಧಾತು ಒಂದೇ. ಸಾವಿರಾರು ಹರಿದಾರಿಯ ಆಚೆಗೆ, ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಮಗುವನ್ನು ದೇವರ ಕೊಡುಗೆಯೆಂದು ಒಂದೇ ಧಾತುವಿನಿಂದ ಕರೆದಿರುವುದು ಯೋಚಿಸತಕ್ಕ ವಿಷಯ.

ಮೂರನೆಯದಾಗಿ, ಭಾಷೆಯ ಸಾಮಾನ್ಯ ಶಬ್ದಗಳಿಂದಲೇ ಹೆಸರುಗಳನ್ನು ಕಡೆದರು. ಔಸ್ಮ ಎಂದರೆ ಅರುಣೋದಯ – ನಮ್ಮ ಉಷಸ್ಸಿನ ತಂಗಿ. ದ್ಜಿಂತರ್ಸ್, ದ್ಜಿಂತ್ರ ಎಂಬವು ಆ ಸಮುದ್ರದ ದಡಕ್ಕೆ ಬಂದು ಬೀಳುವ ‘ಅಂಬರ್’ ಎಂಬ ಹೊಂಬಣ್ಣದ ಶಿಲಾರಾಳದ ಹೆಸರು. ಮಿರ್ದ್ಜ ಎಂದರೆ ಮಿನುಗುವವಳು. ಸ್ಕೈದ್ರೀತೆ ಎಂದರೆ ತಿಳಿಯಾದವಳು. ಸ್ಮೈದ ಎಂದರೆ ನಗೆ. ದೈನ ಎಂದರೆ ಹಾಡು. ಸೌಲ್‌ತ್ಸೆರೀತೆ ಎಂಬಲ್ಲಿ ಸೂರ್ಯನೂ ಭರವಸೆಯೂ ಕೂಡಿದ್ದಾರೆ. ಮೊದ್ರಿಸ್ ಎಚ್ಚರವುಳ್ಳವನು, ದ್ರುವಿಸ್ ಪೈರಿನ ಹೊಲದವನು, ವಿಲ್ನಿಸ್ ತೆರೆ. ವಿದ್ವಾಂಸರು ಈ ಸಂಪತ್ತನ್ನು ಲೆಕ್ಕ ಹಾಕಲು ತಡಮಾಡಲಿಲ್ಲ. ಎರ್ನೆಸ್ತ್ಸ್ ಬ್ಲೆಸೆಯವರು 1929ರಲ್ಲಿ ಲಾಟ್ವಿಯರ ಹೆಸರುಗಳನ್ನೂ ಮನೆತನದ ಹೆಸರುಗಳನ್ನೂ ಕುರಿತು ಅಧ್ಯಯನವೊಂದನ್ನು ಪ್ರಕಟಿಸಿದರು. ಕ್ಲಾವ್ಸ್ ಸಿಲಿನ್ಶ್ ಅವರ ವ್ಯಕ್ತಿನಾಮಗಳ ನಿಘಂಟು 1990ರಲ್ಲಿ ರೀಗಾದಲ್ಲಿ ಬೆಳಕು ಕಂಡಿತು.

ಹೆಸರಿಟ್ಟ ಮೇಲೆ ಅದಕ್ಕೊಂದು ಹಬ್ಬವೂ ಬೇಕಲ್ಲವೆ? ಲಾಟ್ವಿಯದ ಪಂಚಾಂಗದಲ್ಲಿ ದಿನದಿನದ ಎದುರಿಗೂ ಕೆಲವು ಹೆಸರುಗಳು ಅಚ್ಚಾಗಿರುತ್ತವೆ. ಜನವರಿ 28 ಕಾರ್ಲಿಸರ ದಿನ, ಜುಲೈ 26 ಅನ್ನಂದಿರ ದಿನ, ಡಿಸೆಂಬರ್ 24 ಆದಾಮ್ಸ್ ಮತ್ತು ಇಯೆವರ ದಿನ. ಪ್ರತಿಯೊಬ್ಬರೂ ತಮ್ಮ ಹೆಸರಿನ ದಿನವನ್ನು ಹುಟ್ಟುಹಬ್ಬದಂತೆಯೇ ಆಚರಿಸುತ್ತಾರೆ. ಒಂದು ಭೇದವುಂಟು. ಹುಟ್ಟುಹಬ್ಬಕ್ಕೆ ಕರೆದವರು ಬರುತ್ತಾರೆ. ಹೆಸರಿನ ಹಬ್ಬಕ್ಕೆ ಕರೆಯದೆಯೇ ಬರುತ್ತಾರೆ. ಹುಟ್ಟಿದ ದಿನ ಮನೆಯವರಿಗೆ ಮಾತ್ರ ಗೊತ್ತು. ಹೆಸರಿನ ದಿನ ಊರಿಗೆಲ್ಲ ಗೊತ್ತಷ್ಟೆ. ಆದುದರಿಂದ ಆ ದಿನ ಮನೆಯಲ್ಲಿ ಹೂವು ತುಂಬಲು ಪಾತ್ರೆಯನ್ನೂ ಬಂದವರಿಗೆ ತಿಂಡಿಯನ್ನೂ ಅಣಿಮಾಡಿಟ್ಟುಕೊಂಡಿರುವುದು ಜಾಣತನ. ರೂಢಿಯ ಪಟ್ಟಿಯಲ್ಲಿರುವವು ಸುಮಾರು ಒಂದು ಸಾವಿರ ಹೆಸರುಗಳು. ಅದರಲ್ಲಿ ಸೇರದ ಹೆಸರುಳ್ಳವರು ಏನು ಮಾಡಬೇಕು? ಅವರಿಗಾಗಿ ಮೇ 22ನೆಯ ದಿನವನ್ನು ಮೀಸಲಾಗಿಟ್ಟಿದ್ದಾರೆ. ಪಟ್ಟಿಯ ಹೊರಗಿರುವವರಿಗೂ ಪಟ್ಟಿಯಲ್ಲೊಂದು ಸ್ಥಳ. ಪಟ್ಟಿಗಳನ್ನು ತಯಾರಿಸತಕ್ಕ ಇತರರೂ ಈ ಔದಾರ್ಯವನ್ನು ಗಮನಿಸಬಹುದು.

ಎಲ್ಲ ಹೆಸರಿನ ಹಬ್ಬಗಳಿಗೂ ಕಿರೀಟಪ್ರಾಯವಾದುದು ಯಾನಿಸರ ಹಬ್ಬ. ಜೂನ್ 23 ಲೀಗಳ ದಿನ, 24 ಯಾನಿಸನ ದಿನ. ಉತ್ತರದೇಶದಲ್ಲಿ ವರ್ಷದ ಅತಿ ಚಿಕ್ಕ ರಾತ್ರಿಗಳ ಕಾಲವದು. ಗಂಡಸರು ಓಕ್ ಎಲೆಯ ಕಿರೀಟವನ್ನೂ ಹೆಂಗಸರು ಕಾಡುಹೂವಿನ ಕಿರೀಟವನ್ನೂ ಧರಿಸಿ, ಬೆಟ್ಟದ ಮೇಲೆ ಬೆಂಕಿಹಾಕಿ, ‘ಲೀಗೊ’ ಎಂಬ ಪಲ್ಲವಿಯ ಹಾಡುಗಳನ್ನು ಹಾಡುತ್ತ ಬೆಳಗಾಗುವವರೆಗೆ ನಿದ್ದೆಗೆಡುತ್ತಾರೆ. ಜೀರಿಗೆಯಂತಹ ಕಾಳನ್ನು ಹಾಕಿದ ಗಿಣ್ಣು, ಮನೆಯಲ್ಲಿ ಕಾಯಿಸಿದ ಬಿಯರು ಅಂದಿನ ಭೋಜನ. ಆ ಪಲ್ಲವಿಯಿಂದಲೇ ಲೀಗ ಎಂಬ ಹೆಣ್ಣು ಹೆಸರು ಹುಟ್ಟಿತು. ಹಬ್ಬವನ್ನು ನಡೆಸುವ ಮನೆಯ ಯಜಮಾನನು ‘ಯಾನಿಸರ ತಂದೆ’, ಯಜಮಾನಿಯು ‘ಯಾನಿಸರ ತಾಯಿ’, ಬಂದ ಅತಿಥಿಗಳೆಲ್ಲರೂ ‘ಯಾನಿಸರ ಮಕ್ಕಳು’. ಅವರವರ ಸ್ವಂತ ಹೆಸರು ಏನೇ ಇರಲಿ, ಆ ಒಂದು ರಾತ್ರಿ ಎಲ್ಲರಿಗೂ ಒಂದೇ ಹೆಸರು.

ಈ ಹೆಸರುಗಳಿಗೆ ಕಷ್ಟಕಾಲವು ಬಂದುದು 1940ರಿಂದೀಚೆಗೆ. ಸೋವಿಯತ್ ಆಡಳಿತವು 1941ನೆಯ ಜೂನ್ 14ರಂದು ಹದಿನೈದು ಸಾವಿರಕ್ಕೂ ಹೆಚ್ಚು ಜನರನ್ನೂ, 1949ನೆಯ ಮಾರ್ಚ್ 25ರಿಂದ ಕೆಲವೇ ದಿನಗಳಲ್ಲಿ ನಲವತ್ತೆರಡು ಸಾವಿರಕ್ಕೂ ಹೆಚ್ಚು ಜನರನ್ನೂ ಸರಕಿನ ರೈಲುಗಾಡಿಗಳಲ್ಲಿ ತುಂಬಿ ದೂರದ ಸೈಬೀರಿಯ ಮೊದಲಾದ ಕಡೆಗಳಿಗೆ ಸಾಗಿಸಿತು. ಅವರನ್ನು ಒಯ್ದುದು ಹೆಸರಿನ ಪಟ್ಟಿಗಳನ್ನು ಹಿಡಿದು. ಉಳಿದವರಿಗೆ ರಷ್ಯನ್ ಕ್ರಮದಂತೆ ತಂದೆಯ ಹೆಸರನ್ನು ನಡುವೆ ಸೇರಿಸಿ ದಾಖಲೆಗಳನ್ನು ಮಾಡಿದರು; ತಲೆಮಾರುಗಳಿಂದ ಬರಿಯ ಯಾನಿಸ್ ಬೇರ್ಜಿನ್ಶ್ ಆಗಿದ್ದವನು ಕಚೇರಿಯಲ್ಲಿ ‘ಯಾನಿಸ್ ಯಾನೊವಿಚ್’ ಆದನು. 1959ರ ರಾಜಕೀಯ ಶುದ್ಧೀಕರಣದ ತರುವಾಯ ಯಾನಿಸರ ಹಬ್ಬದ ರಜೆಯನ್ನೂ ತೆಗೆದುಹಾಕಿದರು. ಆದರೆ ಪಂಚಾಂಗದಿಂದ ರಜೆಯನ್ನು ತೆಗೆಯಬಹುದು, ಮನೆಮನೆಯಲ್ಲಿರುವ ಯಾನಿಸನನ್ನು ತೆಗೆಯುವುದು ಹೇಗೆ? ಅವನ ಹೆಸರಿನ ದಿನವು ಬಂದೇ ಬರುತ್ತಿತ್ತು. 1980ರ ದಶಕದ ಕೊನೆಯಲ್ಲಿ ರಜೆಯೂ ಹಿಂದಿರುಗಿತು. ರೈಲುಗಾಡಿಗಳಲ್ಲಿ ಒಯ್ಯಲ್ಪಟ್ಟವರ ಹೆಸರುಗಳನ್ನು ಲಾಟ್ವಿಯದ ರಾಜ್ಯ ದಫ್ತರಖಾನೆಯು 2001ರಲ್ಲಿಯೂ 2007ರಲ್ಲಿಯೂ ದೊಡ್ಡ ಗ್ರಂಥಗಳಾಗಿ ಅಚ್ಚುಮಾಡಿತು. ಮನುಷ್ಯರನ್ನು ಹಿಡಿಯುವುದಕ್ಕಾಗಿ ಬರೆದ ಪಟ್ಟಿಯೇ ಅವರನ್ನು ನೆನೆಯುವ ಪಟ್ಟಿಗೆ ಆಧಾರವಾಯಿತು.

ಯುದ್ಧದ ಕೊನೆಯಲ್ಲಿ ದೇಶವನ್ನು ಬಿಟ್ಟು ಓಡಿದವರ ಕಥೆ ಇನ್ನೊಂದು ತೆರನಾದುದು. ಪರದೇಶದ ಕಚೇರಿಗಳಿಗೆ ಲಿಂಗಭೇದದ ಪ್ರತ್ಯಯ ತಿಳಿಯದು. ತಂದೆ ಬೇರ್ಜಿನ್ಶ್ ಆದರೆ ಮಗಳನ್ನೂ ಹಾಗೆಯೇ ಬರೆದರು. ಹೀಗೆ ಬೆಳೆದವರ ನಡುವೆ ಪ್ರತ್ಯಯವನ್ನು ಜೋಪಾನಮಾಡಿಕೊಂಡವರೂ ಉಂಟು. 1937ರಲ್ಲಿ ರೀಗಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನಿರಾಶ್ರಿತರಾಗಿ, ಜರ್ಮನಿ, ಮೊರಾಕೊಗಳನ್ನು ದಾಟಿ ಕೆನಡಾದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದು ದೈನಗಳನ್ನು ಕುರಿತು ಸಂಶೋಧನೆ ನಡೆಸಿದ ವೈರ ವೀಕೆ-ಫ್ರೈಬರ್ಗ ಅವರು 1999ರಿಂದ 2007ರ ವರೆಗೆ ಲಾಟ್ವಿಯದ ರಾಷ್ಟ್ರಾಧ್ಯಕ್ಷೆಯಾಗಿದ್ದರು. ಅವರ ಪತಿಯ ಹೆಸರು ಇಮಂತ್ಸ್ ಫ್ರೈಬರ್ಗ್ಸ್. ಪತಿಯದು ‘ಫ್ರೈಬರ್ಗ್ಸ್’, ಪತ್ನಿಯದು ‘ಫ್ರೈಬರ್ಗ’ – ವ್ಯಾಕರಣವು ಕಡಲನ್ನು ದಾಟಿಯೂ ಕೆಡದೆ ಹಿಂದಿರುಗಿತು.

ಇನ್ನು ನ್ಯಾಯಸ್ಥಾನದ ಸಂಗತಿ. ಸ್ವತಂತ್ರವಾದ ಮೇಲೆ ಲಾಟ್ವಿಯವು ತನ್ನ ರಾಜ್ಯಭಾಷೆಯನ್ನು ಶಾಸನದಿಂದ ಭದ್ರಪಡಿಸಿತು. ಎಲ್ಲರ ಹೆಸರುಗಳನ್ನೂ ಲಾಟ್ವಿಯದ ಲಿಪಿಕ್ರಮದಂತೆ, ಲಾಟ್ವಿಯದ ಪ್ರತ್ಯಯದೊಡನೆ ಬರೆಯಬೇಕು. ಇಷ್ಟವಾದರೆ ಮೂಲರೂಪವನ್ನು ಜೊತೆಗೆ ಸೇರಿಸಬಹುದು – ಇದು ನಿಯಮ. ಜರ್ಮನನನ್ನು ಮದುವೆಯಾದ ಲಾಟ್ವಿಯದ ಮಹಿಳೆಯೊಬ್ಬರು, ತಮ್ಮ ರಹದಾರಿಯಲ್ಲಿ ಗಂಡನ ಹೆಸರು ಗುರುತು ಸಿಗದಂತೆ ಮಾರ್ಪಟ್ಟಿದೆಯೆಂದು ದೂರಿತ್ತರು. 2001ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಮೂಲ ನಿಯಮವನ್ನು ಎತ್ತಿಹಿಡಿಯಿತು. 2004ರಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು ಆ ದೂರನ್ನು ವಿಚಾರಣೆಗೆ ಅಂಗೀಕರಿಸಲಿಲ್ಲ. ಆದರೆ 2010ರಲ್ಲಿ, ಯೆಹೂದ್ಯ ಮೂಲದ ಮತ್ತೊಬ್ಬ ನಿವಾಸಿಯ ಹೆಸರಿಗೆ ಸಕಾರದ ಪ್ರತ್ಯಯವನ್ನು ಅಂಟಿಸಿದುದು ಅವರ ಖಾಸಗಿ ಜೀವನದಲ್ಲಿ ಸಲ್ಲದ ಹಸ್ತಕ್ಷೇಪವೆಂದು ವಿಶ್ವಸಂಸ್ಥೆಯ ಮಾನವಹಕ್ಕುಗಳ ಸಮಿತಿಯು ಅಭಿಪ್ರಾಯಪಟ್ಟಿತು. ಒಂದೇ ನಿಯಮ, ಎರಡು ಪೀಠಗಳು, ಎರಡು ಬಗೆಯ ಉತ್ತರ.

ಇಲ್ಲಿ ಯಾವ ಪಕ್ಷವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರತ್ಯಯವನ್ನು ಬಿಟ್ಟರೆ ಹದಿನೈದು ಲಕ್ಷದಷ್ಟು ಜನರು ಮಾತ್ರ ಆಡುವ ತಮ್ಮ ಭಾಷೆಯ ಬೆನ್ನೆಲುಬೇ ಸಡಿಲುವುದೆಂದು ಭಾಷಾಭಿಮಾನಿಗಳ ಭಯ. ಕಲ್ನಿಂಗ್ ಎಂದೂ ಯಾನೊವಿಚ್ ಎಂದೂ ಪರರು ತಮ್ಮನ್ನು ಬರೆದುದನ್ನು ಅವರು ಮರೆತಿಲ್ಲ. ಆದರೆ ಅದೇ ಅನುಭವವು ಇನ್ನೊಂದು ಪಾಠವನ್ನೂ ಹೇಳುತ್ತದಲ್ಲವೆ? ತನ್ನ ಹೆಸರನ್ನು ಮತ್ತೊಬ್ಬರು ತಿದ್ದಿ ಬರೆದಾಗ ಆಗುವ ನೋವು ಏನೆಂಬುದನ್ನು ಲಾಟ್ವಿಯರಿಗಿಂತ ಚೆನ್ನಾಗಿ ಬಲ್ಲವರು ಯಾರು? ಬಲ್ಲವರಾದುದರಿಂದಲೇ ಪಕ್ಕದ ಮನೆಯವನ ಹೆಸರಿನ ವಿಷಯದಲ್ಲಿ ಅವರ ಲೇಖನಿಯು ಇನ್ನಷ್ಟು ಮೆಲ್ಲಗೆ ನಡೆಯಬೇಕೆಂದು ನಮಗೆ ತೋರುತ್ತದೆ. ಮಾತನಾಡುವಾಗ ವಿಭಕ್ತಿಯು ತನ್ನ ಕೆಲಸವನ್ನು ಮಾಡಲಿ. ರಹದಾರಿಯ ಮೇಲೆ ಮಾತ್ರ ಆ ಹೆಸರನ್ನು ಹೊತ್ತವನ ಇಷ್ಟಕ್ಕೂ ಮೊದಲ ಪಂಕ್ತಿಯಲ್ಲಿಯೇ ಸ್ಥಳವಿರಲಿ. ಮೇ 22ರ ದಿನವನ್ನು ಯೋಚಿಸಿ ಇಟ್ಟ ಜನರಿಗೆ ಇದು ಅಸಾಧ್ಯವಾದ ಮಾತಲ್ಲ.

ಎಂದಾದರೊಂದು ದಿನ ನಿಮಗೆ ಲಾಟ್ವಿಯದವರೊಬ್ಬರ ಪರಿಚಯವಾದರೆ, ಅವರ ಹೆಸರಿನ ದಿನ ಯಾವುದೆಂದು ಕೇಳಿರಿ. ಆ ದಿನ ಕರೆಯಿಲ್ಲದೆ ಹೋಗಿ ಶುಭವನ್ನು ಕೋರಬಹುದು, ಯಾರೂ ಬೇಸರಪಡುವುದಿಲ್ಲ. ಕರೆಯುವಾಗ ಕೊನೆಯ ಸಕಾರವನ್ನು ಬಿಡುವುದನ್ನು ಮರೆಯಬೇಡಿರಿ.